ಕಣ್ಣೀರಿನಾಚೆಗೆ ಒಬ್ಬ ರಂಗವಿಮರ್ಶಕಿ

ಡಾ. ವಿಜಯಾ ಅವರ ಆತ್ಮಕಥೆ ‘ಕುದಿ ಎಸರು’ 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಾಗಿನಿಂದ ಅವರ ಬಗ್ಗೆ ನಾವು ಕೇಳುತ್ತಿರುವ ಮಾತುಗಳಲ್ಲಿ ಹೆಚ್ಚಿನವು ನೋವಿನ ಕುರಿತಾದವು. ಎಳೆಯ ವಯಸ್ಸಿನ ಮದುವೆ, ದಾಂಪತ್ಯದ ಹಿಂಸೆ, ಬಡತನ, ಇವುಗಳ ನಡುವೆಯೇ ಓದಿ ದುಡಿಮೆಗೆ ಇಳಿದದ್ದು. ಅದೆಲ್ಲ ನಿಜ, ಹೇಳಲೇಬೇಕಾದದ್ದು. ಆದರೆ ‘ಅಯ್ಯೋ ಪಾಪ’ ಎಂಬ ಈ ಓದಿನಲ್ಲಿ ಒಬ್ಬ ರಂಗವಿಮರ್ಶಕಿ, ಒಬ್ಬ ಸಂಪಾದಕಿ ಕಾಣೆಯಾದರು ಎಂಬುದು ನಮ್ಮ ತಕರಾರು.

1942ರಲ್ಲಿ ದಾವಣಗೆರೆಯಲ್ಲಿ ಹುಟ್ಟಿದ ವಿಜಯಮ್ಮ (ರಂಗಭೂಮಿಯವರಿಗೆ ಅವರು ಹಾಗೆಯೇ ಪರಿಚಿತರು) ಪತ್ರಿಕಾ ಕಚೇರಿಗಳಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಆ ವೃತ್ತಿಗೆ ಬಂದರು. ‘ಮಲ್ಲಿಗೆ’, ‘ತುಷಾರ’, ‘ರೂಪತಾರಾ’ಗಳಲ್ಲಿ ದುಡಿದರು. ಇಳಾ ಹೆಸರಿನಲ್ಲಿ ಸ್ವಂತ ಮುದ್ರಣ, ಪ್ರಕಾಶನ ನಡೆಸಿದರು. ಎ.ಎಸ್. ಮೂರ್ತಿಯವರ ‘ಚಿತ್ರಾ’ ತಂಡದೊಂದಿಗೆ ಬೀದಿ ನಾಟಕಕ್ಕೆ ಇಳಿದರು. ಶ್ರೀರಂಗರ ನಾಟಕಗಳನ್ನು ಕುರಿತು ಸಂಶೋಧನೆ ಮಾಡಿದರು. ನಾಟಕವನ್ನು ಪ್ರೇಕ್ಷಕರ ಕುರ್ಚಿಯಿಂದಲೂ ಬೀದಿಯ ಧೂಳಿನಿಂದಲೂ ನೋಡಿದ ವಿಮರ್ಶಕರು ನಮ್ಮಲ್ಲಿ ಎಷ್ಟು ಮಂದಿ?

ಆ ಕಾಲವಾದರೂ ಎಂಥದ್ದು! 1972ರಲ್ಲಿ ಬಿ.ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ಗಳನ್ನು ಆಡಿಸಿ ಕನ್ನಡ ರಂಗಭೂಮಿಯ ದಿಕ್ಕನ್ನೇ ಬದಲಿಸಿದರು. 1975ರಲ್ಲಿ ‘ಸಮುದಾಯ’ ಹುಟ್ಟಿತು. ಇದನ್ನೆಲ್ಲ ಕಣ್ಣಾರೆ ಕಂಡವರು ಕೆಲವೇ ಮಂದಿ. ನಮ್ಮ ದೊಡ್ಡನೆಕ್ಕುಂದಿ ಆಗ ನಗರದ ಹೊರಗಿನ ಹಳ್ಳಿ. ಸಂಜೆ ಕಲಾಕ್ಷೇತ್ರಕ್ಕೆ ಹೋಗಿ, ನಾಟಕ ಮುಗಿಸಿ, ಶಿವಾಜಿನಗರಕ್ಕೆ ಬಂದು, ಅಲ್ಲಿಂದ ಊರಿಗೆ ಬಸ್ಸು ಹಿಡಿಯುವುದೆಂದರೆ ದುಡಿಯುವವರಿಗೆ ಆಗುವ ಮಾತಲ್ಲ. ಹೆಂಗಸರ ಪಾಡಂತೂ ಕೇಳುವುದೇ ಬೇಡ. ಇಂಥ ಊರುಗಳ ಓದುವ ಮನೆಗಳಿಗೆ ನಾಟಕ ತಲುಪಿದ್ದು ಪತ್ರಿಕೆಯ ಪುಟದ ಮೂಲಕ. ನಾಟಕ ಅಂದೇ ಮುಗಿದುಹೋಗುತ್ತದೆ, ಉಳಿಯುವುದು ವಿಮರ್ಶೆ. ನಟ ಹೇಗೆ ನಿಂತ, ಬೆಳಕು ಎಲ್ಲಿ ಬಿತ್ತು, ಜನ ಎಲ್ಲಿ ನಕ್ಕರು ಎಂಬುದನ್ನು ಬರೆದಿಟ್ಟವರು ಇಲ್ಲದಿದ್ದರೆ ನಮ್ಮ ಪಾಲಿಗೆ ಆ ರಾತ್ರಿಗಳು ನಡೆದೇ ಇರಲಿಲ್ಲ. ಈಗ ನಮ್ಮ ಕಡೆಗೂ ರಂಗಮಂದಿರ ಬಂದಿದೆ, ವೈಟ್‌ಫೀಲ್ಡ್‌ನ ‘ಜಾಗೃತಿ’ 2011ರಿಂದ ಇದೆ. ಆದರೆ ಪತ್ರಿಕೆಗಳಲ್ಲಿ ನಾಟಕ ವಿಮರ್ಶೆಯ ಜಾಗ ಅಂಗೈಯಗಲಕ್ಕೆ ಇಳಿದಿದೆ. ‘ಇಂದಿನ ಕಾರ್ಯಕ್ರಮ’ ಎಂಬ ಎರಡು ಸಾಲು ವಿಮರ್ಶೆಯಲ್ಲ.

ಹೆಣ್ಣಿನ ಬರವಣಿಗೆಯನ್ನು ಬರೀ ದಾಖಲೆಯಾಗಿ ಓದುವ ಚಾಳಿಯನ್ನು ನಮ್ಮ ಓದುಗರು ಬಲ್ಲರು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಾಗಿನಿಂದಲೂ ‘ಮುಸ್ಲಿಂ ಹೆಣ್ಣಿನ ಗೋಳು’ ಎಂಬ ಹಣೆಪಟ್ಟಿ ಅದಕ್ಕೆ ಅಂಟಿಕೊಂಡಿದೆ. ಅದರ ಕಥನದ ಬಿಗುವಿನ ಬಗ್ಗೆ ಮಾತಾಡಿದವರು ಕಡಿಮೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬುಕರ್ ಬಂದಾಗಲೂ ಚರ್ಚೆ ಕಥೆಗಿಂತ ಹೆಚ್ಚಾಗಿ ಕಥೆಗಾರ್ತಿಯ ಸಮುದಾಯದ ಸುತ್ತಲೇ ತಿರುಗಿತು. ವಿಜಯಮ್ಮನವರ ಹಿನ್ನೆಲೆ ಬೇರೆ, ಆದರೆ ಅವರಿಗೆ ಸಿಕ್ಕ ಓದು ಅದೇ ಜಾತಿಯದು.

ಎಸರೆಂದರೆ ಒಲೆಯ ಮೇಲಿಟ್ಟ ನೀರು, ಅಕ್ಕಿ ಬೀಳುವ ಮೊದಲಿನದು. ಅದು ಕುದಿಯುತ್ತಿದೆಯೇ, ಉಕ್ಕೀತೇ ಎಂದು ಹದ ನೋಡುತ್ತ ಕೂರುವುದು ಅಡುಗೆಮನೆಯವರ ಕೆಲಸ. ಉಣ್ಣುವವರಿಗೆ ಅದು ಕಾಣದು. ಸಂಪಾದಕರ ಕೆಲಸವೂ ಅಂಥದೇ. ಬೇರೆಯವರ ವಾಕ್ಯ ತಿದ್ದಿ, ಶೀರ್ಷಿಕೆ ಕೊಟ್ಟು, ಕರಡು ನೋಡಿ, ಕೊನೆಗೆ ತಮ್ಮ ಹೆಸರಿಲ್ಲದ ಪುಟ ಹೊರತರುವುದು. ಆ ಹೆಸರನ್ನು ಅವರು ಯಾವ ಕಾರಣಕ್ಕೆ ಆರಿಸಿಕೊಂಡರೋ, ನಮಗಂತೂ ಅದರಲ್ಲಿ ಹಿಂಸೆಯ ಬಿಸಿಯ ಜೊತೆಗೆ ಹದ ಬಲ್ಲವಳ ಎಚ್ಚರವೂ ಕೇಳಿಸುತ್ತದೆ. ಮನೆಯೊಳಗೆ ಯಾರು ಎಲ್ಲಿ ನಿಲ್ಲಬಹುದು, ಯಾರ ಮಾತಿಗೆ ಯಾರು ಮೌನವಾಗಬೇಕು ಎಂಬುದನ್ನು ಗುರುತಿಸುವ ಕಣ್ಣು ರಂಗದ ಚಲನೆಯನ್ನು ಗುರುತಿಸುವ ಕಣ್ಣೇ ಅಲ್ಲವೇ?

ಎಪ್ಪತ್ತರ ದಶಕದ ರಂಗ ಇತಿಹಾಸವನ್ನು ನಾವು ಇಂದು ಹೆಚ್ಚಾಗಿ ನಿರ್ದೇಶಕರ ನೆನಪುಗಳಿಂದ ತಿಳಿಯುತ್ತೇವೆ. ನಿರ್ದೇಶಕರಿಗೆ ತಮ್ಮ ನಾಟಕ ಸೋತ ರಾತ್ರಿ ನೆನಪಿರುವುದು ಅಪರೂಪ. ವಿಮರ್ಶಕಿ ಅದನ್ನು ಮರುವಾರವೇ ಅಚ್ಚು ಮಾಡಿಸಿರುತ್ತಾಳೆ. ವಿಜಯಮ್ಮ ಮತ್ತು ಅವರ ಓರಗೆಯವರ ನಾಟಕ ವಿಮರ್ಶೆಗಳನ್ನು ಪ್ರದರ್ಶನದ ದಿನಾಂಕ, ತಂಡದ ಹೆಸರು ಸಮೇತ ಒಂದೆಡೆ ತಂದರೆ ಕೊಳ್ಳುವವರ ಪಟ್ಟಿಯಲ್ಲಿ ನಮ್ಮ ಹೆಸರನ್ನು ಮೊದಲು ಬರೆದುಕೊಳ್ಳಬಹುದು.