ಪಿಸ್ತೂಲಿಗೆ ಯಾವ ಕೀಲೆಣ್ಣೆ?

ರ್‍ಯಾಪಿಡ್ ಫೈರ್ ಪಿಸ್ತೂಲು ಸ್ಪರ್ಧೆಯಲ್ಲಿ 25 ಮೀಟರ್ ದೂರದಲ್ಲಿ ಐದು ಗುರಿಗಳು ಸಾಲಾಗಿ ನಿಂತಿರುತ್ತವೆ. ಒಂದೊಂದಕ್ಕೂ ಒಂದೊಂದು ಗುಂಡು. ಮೊದಲು ಐದೂ ಗುಂಡುಗಳಿಗೆ 8 ಸೆಕೆಂಡು, ಆಮೇಲೆ 6, ಕೊನೆಗೆ ಬರೀ 4. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಈ ಸ್ಪರ್ಧೆಯಲ್ಲೇ. ಆ ನಾಲ್ಕು ಸೆಕೆಂಡುಗಳಲ್ಲಿ ಶೂಟರ್ ಕೈಯೆತ್ತಿ, ಗುರಿ ಹಿಡಿದು, ಟ್ರಿಗರ್ ಒತ್ತಿ, ಪಕ್ಕದ ಗುರಿಗೆ ಹೊರಳುತ್ತಾನೆ. ಅಷ್ಟರೊಳಗೆ ಪಿಸ್ತೂಲು ತನ್ನ ಪಾಲಿನ ಕೆಲಸವನ್ನೂ ಮುಗಿಸಬೇಕು: ಖಾಲಿ ತೋಟಾ ಹೊರಗೆಸೆಯಬೇಕು, ಹ್ಯಾಮರ್ ಹಿಂದಕ್ಕೆ ಕೂರಿಸಬೇಕು, ಮ್ಯಾಗಜೀನಿನಿಂದ ಹೊಸ ತೋಟಾ ಎತ್ತಿ ಚೇಂಬರಿಗೆ ತುಂಬಬೇಕು. ಇದಕ್ಕೆಲ್ಲ ಅದಕ್ಕೆ ಸಿಗುವ ಶಕ್ತಿ ಆಗಷ್ಟೇ ಹಾರಿಹೋದ ಗುಂಡಿನ ಹಿನ್ನೊತ್ತಡವೊಂದೇ.

ಆ ಶಕ್ತಿ ಎಷ್ಟು ಅಲ್ಪ ಎಂಬುದು ಮನಸ್ಸಿಗೆ ಬಂದರೆ ಎಣ್ಣೆಯ ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ. ಈ ಸ್ಪರ್ಧೆಯಲ್ಲಿ ಬಳಸುವ .22 ತೋಟಾದ ಗುಂಡು ಸಾಮಾನ್ಯವಾಗಿ 40 ಗ್ರೇನ್, ಅಂದರೆ 2.6 ಗ್ರಾಂ ತೂಗುತ್ತದೆ. ಇಟಲಿಯ ಪಾರ್ದಿನಿ, ಜರ್ಮನಿಯ ವಾಲ್ಟರ್ ಜಿಎಸ್‌ಪಿ, ಸ್ವಿಟ್ಜರ್ಲೆಂಡ್ ಮೂಲದ ಹ್ಯಾಮರ್ಲಿ ಮುಂತಾದ ಸ್ಪರ್ಧೆಯ ಪಿಸ್ತೂಲುಗಳಲ್ಲಿ ತೋಟಾದ ಹಿಂದೆ ನಿಲ್ಲುವ ಬೋಲ್ಟನ್ನು ಹಿಡಿದಿಡಲು ಕೊಂಡಿಯಿಲ್ಲ, ಬೀಗವಿಲ್ಲ. ಅದರ ಸ್ವಂತ ತೂಕ ಮತ್ತು ಹಿಂದಿನ ಸ್ಪ್ರಿಂಗು, ಇವೆರಡೇ ಅದನ್ನು ತಡೆದಿರುವುದು. ಗುಂಡು ಮುಂದಕ್ಕೆ ಹೋದಂತೆ ಖಾಲಿ ತೋಟಾ ಹಿಂದಕ್ಕೊತ್ತುತ್ತದೆ, ಬೋಲ್ಟ್ ಅದರೊಂದಿಗೆ ಸರಿಯುತ್ತದೆ. ಸ್ಪ್ರಿಂಗಿನ ಬಿಗಿ, ಬೋಲ್ಟಿನ ತೂಕ, ತೋಟಾದ ಬಲ ಈ ಮೂರನ್ನೂ ತಯಾರಕರು ಬಹಳ ನಾಜೂಕಾಗಿ ಹೊಂದಿಸಿರುತ್ತಾರೆ. ಅದರ ನಡುವೆ ತಿಕ್ಕಾಟ ತುಸು ಹೆಚ್ಚಿದರೂ ಬೋಲ್ಟ್ ಪೂರ್ತಿ ಹಿಂದೆ ಹೋಗುವುದಿಲ್ಲ. ಖಾಲಿ ತೋಟಾ ಕಿಂಡಿಯಲ್ಲೇ ಅಡ್ಡಡ್ಡ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಹೊಸ ತೋಟಾ ಅರ್ಧಕ್ಕೆ ನಿಂತುಬಿಡುತ್ತದೆ. ಸ್ಪರ್ಧೆಯ ನಿಯಮಗಳಲ್ಲಿ ಇಂಥ ಅಡಚಣೆಗೆ ರಿಯಾಯಿತಿ ಉಂಟು, ಆದರೆ ಅದಕ್ಕೊಂದು ಮಿತಿಯೂ ಉಂಟು. ಮೇಲಾಗಿ ಒಮ್ಮೆ ಕದಡಿದ ಏಕಾಗ್ರತೆಯನ್ನು ಯಾವ ನಿಯಮವೂ ಮರಳಿಸಿ ಕೊಡುವುದಿಲ್ಲ.

ಹೊಸದಾಗಿ ರೇಂಜಿಗೆ ಬಂದವರು ಮೊದಲು ಕೇಳುವುದು ಬ್ರ್ಯಾಂಡಿನ ಹೆಸರನ್ನು. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಎಣ್ಣೆ ಎಲ್ಲಿ ಬೇಕು, ಎಷ್ಟು ಬೇಕು, ಎಷ್ಟು ಹೊತ್ತು ಅಲ್ಲೇ ನಿಲ್ಲಬೇಕು ಎಂಬುದು ಗೊತ್ತಾದರೆ ಬಾಟಲಿಯ ಆಯ್ಕೆ ಸುಲಭ.

ಎಷ್ಟು ಬೇಕೆಂಬುದಕ್ಕೆ ಉತ್ತರ ಹಳೆಯದೊಂದು ಅಳತೆಯಲ್ಲಿದೆ. 1902ರಲ್ಲಿ ರಿಚರ್ಡ್ ಸ್ಟ್ರೈಬೆಕ್ ಎಂಬ ಜರ್ಮನ್ ಎಂಜಿನಿಯರ್ ಬೇರಿಂಗುಗಳ ತಿಕ್ಕಾಟವನ್ನು ಅಳೆದು ಪ್ರಕಟಿಸಿದರು. ವೇಗವಾಗಿ, ನಿಲ್ಲದೆ ತಿರುಗುವ ದಂಡವು ಎಣ್ಣೆಯ ಪದರದ ಮೇಲೆ ತೇಲುತ್ತದೆ. ಲೋಹಕ್ಕೆ ಲೋಹ ತಾಕುವುದೇ ಇಲ್ಲ. ವೇಗ ತಗ್ಗಿದಂತೆ ಆ ಪದರ ತೆಳುವಾಗಿ, ಕೊನೆಗೆ ಮೇಲ್ಮೈಗಳ ಉಬ್ಬುಗಳು ಒಂದಕ್ಕೊಂದು ತಾಗುತ್ತವೆ. ಪಿಸ್ತೂಲಿನ ಬೋಲ್ಟ್ ಚಲಿಸುವುದು ಕೆಲವೇ ಸೆಂಟಿಮೀಟರ್. ಹಿಂದೆ ಹೋಗಿ ನಿಲ್ಲುತ್ತದೆ, ಮುಂದೆ ಬಂದು ನಿಲ್ಲುತ್ತದೆ. ತೇಲುವಷ್ಟು ದೂರವನ್ನು ಅದು ಕ್ರಮಿಸುವುದೇ ಇಲ್ಲ. ಹಾಗಾಗಿ ಇಲ್ಲಿ ದಪ್ಪ ಪದರಕ್ಕಿಂತ ಲೋಹಕ್ಕೆ ಅಂಟಿಕೊಂಡು ಉಳಿಯುವ ತೆಳು ಪೊರೆಯೇ ಮುಖ್ಯ. ಎಣ್ಣೆ ಜಾಸ್ತಿ ಸುರಿದರೆ ಆ ಪೊರೆ ಗಟ್ಟಿಯಾಗುವುದಿಲ್ಲ. ಮಿಕ್ಕದ್ದು ಹರಿದು ಬೇಡದ ಕಡೆಗೆ ಹೋಗುತ್ತದೆ, ಅಷ್ಟೆ.

.22ರಲ್ಲಿ ಇನ್ನೊಂದು ತೊಡಕಿದೆ. ಇದರ ಸೀಸದ ಗುಂಡಿನ ಹೊರಮೈಗೇ ಮೇಣ ಅಥವಾ ಜಿಡ್ಡು ಸವರಿರುತ್ತದೆ. ಬ್ಯಾರೆಲಿಗೆ ಬೇಕಾದ ಜಾರಿಕೆಯನ್ನು ತೋಟಾ ತಾನೇ ಹೊತ್ತು ತರುತ್ತದೆ. ಪ್ರತಿ ಹೊಡೆತಕ್ಕೂ ಆ ಮೇಣದ ಕಣ, ಸುಟ್ಟ ಮದ್ದಿನ ಮಸಿ, ಸುಡದ ಮದ್ದಿನ ಚೂರು, ಸೀಸದ ಪುಡಿ ಹಿಂದಕ್ಕೆ ಚಿಮ್ಮಿ ಬೋಲ್ಟಿನ ಮೇಲೆ ಕೂರುತ್ತವೆ. ಅಲ್ಲಿ ಎಣ್ಣೆ ಧಾರಾಳವಾಗಿದ್ದರೆ ಎಲ್ಲವೂ ಕಲಸಿ ಕಪ್ಪು ಮಡ್ಡಿಯಾಗುತ್ತದೆ. ಅದಕ್ಕೇ ನನ್ನ ಅಳತೆ ಇದು: ಬೋಲ್ಟಿನ ಜಾರುಪಟ್ಟಿಯನ್ನು ಬೆರಳಿನಿಂದ ಮುಟ್ಟಿದರೆ ಜಿಡ್ಡು ತಿಳಿಯಬೇಕು, ಕಣ್ಣಿಗೆ ಹನಿ ಕಾಣಬಾರದು. ಒಂದೊಂದು ಬದಿಗೆ ಒಂದು ಹನಿ ಹಾಕಿ, ಬೋಲ್ಟನ್ನು ಕೈಯಲ್ಲಿ ನಾಲ್ಕಾರು ಸಲ ಹಿಂದೆಮುಂದೆ ಎಳೆದು, ಹೊರಗೆ ಉಕ್ಕಿದ್ದನ್ನು ಒರೆಸಿಬಿಡಿ. ಇದನ್ನು ಮಾಡುವ ಮೊದಲು ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ತೋಟಾಗಳನ್ನು ಬೇರೆ ಕೋಣೆಯಲ್ಲಿ ಇಟ್ಟಿರಬೇಕು.

ಎಣ್ಣೆ ಹೋಗಬಾರದ ಜಾಗಗಳ ಬಗ್ಗೆ ನಾನು ತುಂಬ ಕಟ್ಟುನಿಟ್ಟು. ಚೇಂಬರ್ ಒಣಗಿರಬೇಕು. ಗುಂಡು ಹಾರುವ ಕ್ಷಣದಲ್ಲಿ ತೋಟಾದ ಹಿತ್ತಾಳೆ ಗೋಡೆ ಉಬ್ಬಿ ಚೇಂಬರಿಗೆ ಕಚ್ಚಿಕೊಳ್ಳುವುದರಿಂದ ಬೋಲ್ಟಿನ ಮೇಲೆ ಬೀಳುವ ಹೊಡೆತ ತುಸು ತಗ್ಗುತ್ತದೆ. ಅಲ್ಲಿ ಎಣ್ಣೆಯಿದ್ದರೆ ಆ ಹಿಡಿತ ಸಡಿಲಾಗುತ್ತದೆ. ಫೈರಿಂಗ್ ಪಿನ್ನಿನ ಕೊಳವೆಯೂ ಒಣಗಿರಬೇಕು. .22ರ ಸಿಡಿಮದ್ದು ತೋಟಾದ ಅಂಚಿನ ಮಡಿಕೆಯೊಳಗಿದೆ, ಅಂಚಿಗೆ ಚುರುಕಾದ ಏಟು ಬಿದ್ದರೇ ಅದು ಹೊತ್ತಿಕೊಳ್ಳುವುದು. ಕೊಳವೆಯಲ್ಲಿ ಎಣ್ಣೆ ಮತ್ತು ಮಸಿ ಸೇರಿ ಗಟ್ಟಿಯಾದರೆ ಪಿನ್ನಿನ ವೇಗ ಕುಂದಿ ಏಟು ಹುಸಿಯಾಗುತ್ತದೆ. ಮ್ಯಾಗಜೀನಿನ ಒಳಗೂ ಎಣ್ಣೆ ಬೇಡ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇನ್ನು ಯಾವ ಎಣ್ಣೆ? ಅಡುಗೆಮನೆಯಿಂದ ಶುರುಮಾಡೋಣ, ಏಕೆಂದರೆ ಅನೇಕ ಮನೆಗಳಲ್ಲಿ ಇಂದಿಗೂ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಂಗಳೂರಿನ ಮುಂಜಾವಿನಲ್ಲಿ ಅದು ಪಿಸ್ತೂಲಿನೊಳಗೂ ಹೆಪ್ಪಾಗಿಯೇ ಇರುತ್ತದೆ. ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆಗಳು ಗಾಳಿಯ ಆಮ್ಲಜನಕ ಹೀರಿ ಅಂಟಾಗುತ್ತವೆ. ಎಣ್ಣೆ ಡಬ್ಬದ ಮುಚ್ಚಳದಂಚಿನಲ್ಲಿ ಕೂರುವ ಹಳದಿ ಅಂಟಿನಂಥದ್ದೇ ಬೋಲ್ಟಿನ ಹಾದಿಯಲ್ಲೂ ಕೂರುತ್ತದೆ. ಹರಳೆಣ್ಣೆಯ ಬಗ್ಗೆ ಮಾತ್ರ ನನಗೆ ಗೌರವವಿದೆ. ಅದರ ಅಣುಗಳು ಲೋಹಕ್ಕೆ ಬಿಗಿಯಾಗಿ ಅಂಟುತ್ತವೆ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್ನುಗಳು ಓಡಿದ್ದು ಅದರ ಮೇಲೆಯೇ. ಕ್ಯಾಸ್ಟ್ರಾಲ್ ಕಂಪನಿಯ ಹೆಸರಿನಲ್ಲಿ ಇಂದಿಗೂ ಅದರ ಗುರುತಿದೆ. ಆದರೂ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಕೂರುವ ಪಿಸ್ತೂಲಿಗೆ ಅದು ಬೇಡ. ತೀರ ಮಂದ, ಹಳತಾದರೆ ವಾರ್ನಿಶ್ಶಿನಂತೆ ಕಚ್ಚುತ್ತದೆ.

.22ಕ್ಕೆ ನನ್ನ ಮೊದಲ ಆಯ್ಕೆ ಒಳ್ಳೆಯ ಹೊಲಿಗೆ ಯಂತ್ರದ ಎಣ್ಣೆ, ಇಲ್ಲವೇ ಅಷ್ಟೇ ತೆಳುವಾದ ಸಿಂಥೆಟಿಕ್ ಎಣ್ಣೆ. ಎಣ್ಣೆಯ ಮಂದತನವನ್ನು ಐಎಸ್‌ಒ ವಿಜಿ ಎಂಬ ಸಂಖ್ಯೆಯಿಂದ ಗುರುತಿಸುತ್ತಾರೆ. ಅದು 40 ಡಿಗ್ರಿಯಲ್ಲಿ ಅಳೆದದ್ದು. ಹೊಲಿಗೆ ಯಂತ್ರದ ಎಣ್ಣೆ 15ರಿಂದ 22ರ ಆಸುಪಾಸಿನಲ್ಲಿರುತ್ತದೆ. ಶುದ್ಧ ಖನಿಜ ತೈಲವಾದ್ದರಿಂದ ಅಂಟಾಗುವುದು ಕಡಿಮೆ. ಚುರುಕಾಗಿ ಓಡಾಡುವ ಹಗುರ ಭಾಗಗಳಿಗೆಂದೇ ತಯಾರಾದದ್ದು. ಅದರ ದೌರ್ಬಲ್ಯ ತುಕ್ಕಿನ ವಿಷಯದಲ್ಲಿದೆ, ಅದಕ್ಕೆ ಮುಂದೆ ಬರುತ್ತೇನೆ. ಬೈಕಿಗೆ ಹಾಕುವ 20ಡಬ್ಲ್ಯೂ-40 ಎಂಜಿನ್ ಆಯಿಲ್ ಇದಕ್ಕಿಂತ ಎಷ್ಟೋ ಪಟ್ಟು ಮಂದ. .22 ಬೋಲ್ಟಿಗೆ ಅದು ಹೊರೆ. ಬೈಕಿನಿಂದ ಇಳಿಸಿದ ಹಳೆಯ ಎಣ್ಣೆಯನ್ನಂತೂ ಬಂದೂಕಿನ ಹತ್ತಿರವೂ ತರಬೇಡಿ. ಅದರಲ್ಲಿ ಆಮ್ಲವೂ ಲೋಹದ ಪುಡಿಯೂ ಇರುತ್ತವೆ.

ಡಬ್ಲ್ಯೂಡಿ-40 ಎಲ್ಲರ ಕೈಗೂ ಸುಲಭವಾಗಿ ಸಿಗುತ್ತದೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನೀರನ್ನು ಓಡಿಸಿ ತುಕ್ಕು ತಡೆಯುವುದಕ್ಕೆಂದು ಸಿದ್ಧವಾದ ದ್ರವ ಅದು. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ಅದನ್ನು ಬಳಸಿದರು. ಬಹುಪಾಲು ಹಾರಿಹೋಗುವ ದ್ರಾವಕ, ಕೊನೆಗೆ ಉಳಿಯುವ ಎಣ್ಣೆ ಸ್ವಲ್ಪವೇ. ಮಳೆಯಲ್ಲಿ ನೆನೆದ ಪಿಸ್ತೂಲಿನಿಂದ ನೀರು ತೆಗೆಯಲು ಬಳಸಿ, ಒರೆಸಿ, ಆಮೇಲೆ ನಿಜವಾದ ಎಣ್ಣೆ ಹಾಕಿ. ಜರ್ಮನಿಯ ಬ್ಯಾಲಿಸ್ಟಾಲ್ ನೂರು ವರ್ಷ ದಾಟಿದ ಎಣ್ಣೆ. ತುಸು ಕ್ಷಾರಗುಣವಿರುವುದರಿಂದ ಮಸಿಯ ಆಮ್ಲವನ್ನು ತಣಿಸುತ್ತದೆ. ನೀರಿಗೆ ಬೆರೆಸಿದರೆ ಹಾಲಿನಂತಾಗುತ್ತದೆ. ಶುಚಿಮಾಡಲು ಅದು ನನಗೆ ಬಹಳ ಇಷ್ಟ. ಶುಚಿ, ಜಾರಿಕೆ, ರಕ್ಷಣೆ ಮೂರನ್ನೂ ಒಂದೇ ಬಾಟಲಿಯಲ್ಲಿ ಕೊಡುವ ಸಿಎಲ್‌ಪಿ ಎಣ್ಣೆಗಳು ಪ್ರಯಾಣದ ಪೆಟ್ಟಿಗೆಗೆ ಸರಿ. ಮನೆಯಲ್ಲಿ ಸಮಯವಿರುವಾಗ ಶುಚಿಗೊಂದು, ಜಾರಿಕೆಗೊಂದು ಬೇರೆಬೇರೆ ಇಟ್ಟುಕೊಂಡವರ ಪಿಸ್ತೂಲು ಹೆಚ್ಚು ನಿರ್ಮಲವಾಗಿರುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗ್ರೀಸ್ ಎಂದರೆ ಸಾಬೂನಿನಂಥ ಜಾಲದೊಳಗೆ ಹಿಡಿದಿಟ್ಟ ಎಣ್ಣೆ. ಒತ್ತಡ ಬಿದ್ದಾಗ ಬಿಡುತ್ತದೆ, ಮಿಕ್ಕಂತೆ ಇದ್ದಲ್ಲೇ ಇರುತ್ತದೆ. .22ರಲ್ಲಿ ಅದಕ್ಕೆ ಒಂದೇ ಜಾಗ: ಹ್ಯಾಮರ್ ಮತ್ತು ಬೋಲ್ಟ್ ಉಜ್ಜಿಕೊಳ್ಳುವ ಅಂಚು. ಅಲ್ಲಿಗೆ ಸೂಜಿಮೊನೆಯಷ್ಟು ಸಾಕು. ಟ್ರಿಗರಿನ ಒಳಭಾಗಕ್ಕೆ ತಯಾರಕರ ಕೈಪಿಡಿ ಹೇಳಿದ್ದನ್ನು ಬಿಟ್ಟು ಬೇರೇನೂ ಹಾಕಬೇಡಿ. 25 ಮೀಟರ್ ಸ್ಪರ್ಧೆಯಲ್ಲಿ ಟ್ರಿಗರ್ ಕನಿಷ್ಠ 1000 ಗ್ರಾಂ ತೂಕವನ್ನು ಎತ್ತಿ ತೋರಿಸಬೇಕು, ಅಲ್ಲಿ ಜಿಡ್ಡು ಬದಲಾದರೆ ಬೆರಳಿಗೆ ಸಿಗುವ ಅನುಭವವೂ ಬದಲಾಗುತ್ತದೆ.

9 ಎಂಎಂ ಪಿಸ್ತೂಲುಗಳ ಕತೆಯೇ ಬೇರೆ. ನಮ್ಮಲ್ಲಿ ಅದು ಪೊಲೀಸರ, ಸೇನೆಯ ಕೈಯಲ್ಲಿ ಕಾಣುವಂಥದ್ದು. ಅಮೆರಿಕದಲ್ಲಿ ನೆಲೆಸಿ ಅಲ್ಲಿನ ರೇಂಜುಗಳಿಗೆ ಹೋಗುವ ಕನ್ನಡಿಗರಿಗೆ ಮಾತ್ರ ಇದು ದಿನಬಳಕೆಯ ಮಾತು. ಇಲ್ಲಿ ಸಾಮಾನ್ಯವಾಗಿ ಬ್ಯಾರೆಲ್ ಮತ್ತು ಸ್ಲೈಡ್ ಒಂದಕ್ಕೊಂದು ಬೀಗ ಹಾಕಿಕೊಂಡು ಜೊತೆಯಾಗಿ ಹಿಂದೆ ಸರಿದು, ಆಮೇಲೆ ಬ್ಯಾರೆಲ್ ಬಾಗಿ ಬಿಡಿಸಿಕೊಳ್ಳುತ್ತದೆ. ಬಲ ಬೇಕಾದಷ್ಟಿದೆ, ಸವೆತವೂ ಹೆಚ್ಚು. ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಉಕ್ಕಿನ ಸ್ಲೈಡ್ ಓಡುವ ಪಿಸ್ತೂಲಿನ ಹಳಿಗಳಿಗೆ ನಾನು ತೆಳುವಾಗಿ ಗ್ರೀಸನ್ನೇ ಹೇಳುತ್ತೇನೆ. ಗ್ಲಾಕ್‌ನಲ್ಲಿ ಪಾಲಿಮರ್ ಚೌಕಟ್ಟಿಗೆ ಚಿಕ್ಕ ಉಕ್ಕಿನ ತುಣುಕುಗಳಷ್ಟೇ ಹಳಿ. ಕೆಲವೇ ಹನಿ ಸಾಕೆಂದು ಅದರ ಕೈಪಿಡಿಯೇ ಹೇಳುತ್ತದೆ. ಹೊಸ ಗ್ಲಾಕ್‌ನ ಸ್ಲೈಡಿನೊಳಗೆ ಕಾಣುವ ತಾಮ್ರಬಣ್ಣದ ಜಿಡ್ಡನ್ನು ಕೊಳೆಯೆಂದು ತೊಳೆದುಬಿಡುವವರಿದ್ದಾರೆ. ಅದು ಕಾರ್ಖಾನೆಯೇ ಹಾಕಿದ್ದು, ಇರಲಿ.

ಮಳೆಗಾಲದ ಮಾತು. ಕೊಡಗಿನಲ್ಲಿ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬರುವ ಕೈಲ್ ಮುಹೂರ್ತದಲ್ಲಿ ಕೋವಿಗಳನ್ನು ಶುಚಿಮಾಡಿ, ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ಹಬ್ಬದ ಭಕ್ತಿಯ ಜೊತೆಗೇ ಅದರಲ್ಲಿ ಆಯುಧ ಕಾಪಾಡುವ ಪಕ್ಕಾ ಲೆಕ್ಕಾಚಾರವೂ ಇದೆ: ಜೂನ್‌ನಿಂದ ಸುರಿದ ಮಳೆಯ ತೇವ ಲೋಹದೊಳಗೆ ಮಾಡಿದ ಹಾನಿಯನ್ನು ನೋಡಲು ಅದೇ ತಕ್ಕ ಸಮಯ. ಹಿಂದಿನ ಕಾಲದ ತೋಟಾಗಳ ಸಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಉರಿದ ಮೇಲೆ ಅದು ಉಪ್ಪಾಗಿ ಬ್ಯಾರೆಲಿನಲ್ಲಿ ಕೂತು ಗಾಳಿಯ ತೇವ ಎಳೆದುಕೊಳ್ಳುತ್ತಿತ್ತು. ಉಪ್ಪು ಎಣ್ಣೆಗೆ ಕರಗುವುದಿಲ್ಲ. ಹಾಗಾಗಿ ಬ್ರಿಟಿಷ್ ಕಾಲದ ಸಿಪಾಯಿಗಳು ಮೊದಲು ಕುದಿಯುವ ನೀರು ಸುರಿದು, ಒಣಗಿಸಿ, ಆಮೇಲೆ ಬರ್ಮಾದಿಂದ ಬರುತ್ತಿದ್ದ ರಂಗೂನ್ ಎಣ್ಣೆ ಸವರುತ್ತಿದ್ದರು. ಲೀ-ಎನ್‌ಫೀಲ್ಡ್ ರೈಫಲ್ಲಿನ ಹಿಡಿಯೊಳಗೆ ಎಣ್ಣೆಗೆಂದೇ ಪುಟ್ಟ ಹಿತ್ತಾಳೆ ಸೀಸೆ ಇರುತ್ತಿತ್ತು. ಇಂದಿನ .22 ತೋಟಾಗಳಲ್ಲಿ ಆ ಉಪ್ಪಿಲ್ಲ. ಆದರೆ ಮಂಗಳೂರು, ಕಾರವಾರದ ಗಾಳಿಯಲ್ಲಿದೆ, ಅಂಗೈ ಬೆವರಿನಲ್ಲಿದೆ. ಕರಾವಳಿಯವರು ಹೊಲಿಗೆ ಯಂತ್ರದ ಎಣ್ಣೆಯನ್ನು ಜಾರಿಕೆಗೆ ಮಾತ್ರ ಇಟ್ಟುಕೊಂಡು, ಹೊರಮೈಗೆ ತುಕ್ಕುನಿರೋಧಕವಿರುವ ಎಣ್ಣೆಯನ್ನೇ ಸವರಬೇಕು. ಫೋಮ್ ತುಂಬಿದ ಪೆಟ್ಟಿಗೆ ತೇವ ಹಿಡಿದಿಡುತ್ತದೆ, ಸಿಲಿಕಾ ಜೆಲ್ ಚೀಲವಿಲ್ಲದೆ ಅದರಲ್ಲಿ ಮಳೆಗಾಲ ಕಳೆಯುವುದು ಸರಿಯಲ್ಲ. ವಿಜಯಪುರ, ಕಲಬುರಗಿಯವರ ಕಷ್ಟ ಧೂಳಿನದು. ಅವರು ಇನ್ನೂ ಕಡಿಮೆ ಹಾಕಿ, ಇನ್ನೂ ಬೇಗಬೇಗ ಒರೆಸಿ ಹಾಕಬೇಕು.

ಬಾಟಲಿಯ ಮೇಲಿನ ಹೊಗಳಿಕೆ ನಂಬುವ ಮೊದಲು ಮನೆಯಲ್ಲೇ ಪರೀಕ್ಷಿಸಬಹುದು. ಗಾಜಿನ ತುಂಡಿನ ಮೇಲೆ ಒಂದೊಂದು ಎಣ್ಣೆಯ ಹನಿಯಿಟ್ಟು, ಧೂಳು ಬೀಳದಂತೆ ಮುಚ್ಚಿ, ಕೆಲವು ವಾರ ಬಿಟ್ಟು ಬೆರಳಿನಿಂದ ಉಜ್ಜಿ ನೋಡಿ, ಅಂಟಾದದ್ದನ್ನು ಪಕ್ಕಕ್ಕಿಡಿ. ಸಾದಾ ಕಬ್ಬಿಣದ ಮೊಳೆಗಳಿಗೆ ಬೇರೆಬೇರೆ ಎಣ್ಣೆ ಸವರಿ ಉಪ್ಪುನೀರು ಚಿಮುಕಿಸಿದರೆ ತುಕ್ಕಿನ ಉತ್ತರವೂ ಸಿಗುತ್ತದೆ.

ಪಂದ್ಯದ ಹಿಂದಿನ ದಿನ ಬ್ಯಾರೆಲಿನೊಳಗಿನ ಎಣ್ಣೆಯನ್ನು ಒಣ ಪ್ಯಾಚಿನಿಂದ ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಮೊದಲ ಗುಂಡುಗಳು ದಾರಿ ತಪ್ಪುತ್ತವೆ. ಒರೆಸಿದ ಬಟ್ಟೆಯಲ್ಲಿ ಸೀಸವಿರುತ್ತದೆ. ಅದನ್ನು ಮನೆಯ ಬಟ್ಟೆಗಳ ಜೊತೆ ಒಗೆಯದೆ ಮುಚ್ಚಿದ ಚೀಲದಲ್ಲಿ ಹಾಕಿ ಬಿಸಾಡಿ. ಕೈಗವಸು ತೊಟ್ಟು ಕೆಲಸ ಮಾಡಿ, ಮುಗಿದ ಮೇಲೆ ತಣ್ಣೀರು ಮತ್ತು ಸಾಬೂನಿನಲ್ಲಿ ಕೈ ತೊಳೆದೇ ಕಾಫಿ ಲೋಟ ಮುಟ್ಟಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಈ ಕೆಲಸವನ್ನು ಊಟದ ಮೇಜಿನ ಮೇಲೆ ಮಾಡಲೇಬೇಡಿ.