ಅನುಸರಿಸಿಕೊಂಡು ಹೋಗಮ್ಮ

ಸಮಾಲೋಚಕರ ದೈವಭಕ್ತಿ ಆಪ್ತಸಮಾಲೋಚನೆಯನ್ನು ಕೆಡಿಸುತ್ತದೆಯೇ ಎಂದು ಕೇಳಿದರೆ ನಮ್ಮ ಗಮನ ಮೊದಲು ಹೋಗುವುದು ಬಹಿರಂಗ ಉಪದೇಶದ ಕಡೆಗೆ. ಪಾವಗಡದ ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚು, ಗೊರವನಹಳ್ಳಿ ಮಹಾಲಕ್ಷ್ಮಿಗೆ ಹರಕೆ ಹೊರು, ದರ್ಗಾಕ್ಕೆ ಹೋಗಿ ಬಾ ಎಂದರೆ ಅದು ಹೇಳಿದವರ ನಂಬಿಕೆ ಎಂದು ಕೇಳಿದವರಿಗೆ ತಿಳಿಯುತ್ತದೆ. ಒಗ್ಗದಿದ್ದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಬಹುದು. ಹೆಚ್ಚು ಹಾನಿ ಮಾಡುವುದು ದೇವರ ಹೆಸರನ್ನೇ ಎತ್ತದ ಮಾತು. ‘ಅನುಸರಿಸಿಕೊಂಡು ಹೋಗಮ್ಮ, ಮಕ್ಕಳ ಮುಖ ನೋಡು’ ಎಂಬ ಬುದ್ಧಿವಾದದೊಳಗೆ ಮದುವೆ ಮುರಿಯಬಾರದು, ಹೆಣ್ಣು ತಾಳಿಕೊಳ್ಳಬೇಕು, ಮನೆಯ ಮಾನ ಬೀದಿಗೆ ಬೀಳಬಾರದು ಎಂಬ ಗಟ್ಟಿ ನಂಬಿಕೆಗಳಿವೆ. ಅವು ಲೋಕಾನುಭವದ ದನಿಯಲ್ಲಿ ಬರುವುದರಿಂದ ಹೇಳಿದವರಿಗೂ ತಾವು ಒಂದು ಪಕ್ಷ ವಹಿಸಿದ್ದೇವೆ ಅನ್ನಿಸುವುದಿಲ್ಲ. ಸಮಾಲೋಚಕರ ವೃತ್ತಿಧರ್ಮವನ್ನು ಅಳೆಯಬೇಕಾದದ್ದು ಅವರು ಎಷ್ಟು ಆಸ್ತಿಕರು ಎಂಬುದರಿಂದಲ್ಲ. ಅವರ ನಂಬಿಕೆಯ ಬೆಲೆಯನ್ನು ಎದುರಿಗೆ ಕೂತವರು ತೆರಬೇಕಾಗಿ ಬಂತೇ ಎಂಬುದರಿಂದ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಂಥ ಕಡೆ ಈ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಇಂಥ ತಾಲ್ಲೂಕುಗಳಲ್ಲಿ ಸಮಾಲೋಚನೆ ನಡೆಯುವುದು ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗಿರುವ ಸ್ನೇಹ ಕ್ಲಿನಿಕ್ಕಿನಲ್ಲಿ, ಎಚ್‌ಐವಿ ಪರೀಕ್ಷೆಯ ಐಸಿಟಿಸಿ ಕೋಣೆಯಲ್ಲಿ, ನೊಂದ ಮಹಿಳೆಯರಿಗಾಗಿನ ಸಾಂತ್ವನದಂಥ ಯೋಜನೆಗಳಡಿ, ಎಷ್ಟೋ ಸಲ ಪೊಲೀಸ್ ಠಾಣೆಯ ಬೆಂಚಿನ ಮೇಲೆ. ಬಂದವರ ಊರು, ಕುಲ, ತವರು ಯಾವುದೆಂಬುದು ಎರಡನೇ ಮಾತಿಗೇ ಗೊತ್ತಾಗುತ್ತದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣೆಗೆಂದು ಬಂದ 2005ರ ಕಾಯ್ದೆಯ ನಿಯಮಗಳು ಸಮಾಲೋಚಕರು ಪಕ್ಷ ವಹಿಸುವ ಈ ಅಪಾಯವನ್ನು ಊಹಿಸಿದ್ದವು. 2006ರ ಆ ನಿಯಮಗಳ ಪ್ರಕಾರ ವ್ಯಾಜ್ಯದಲ್ಲಿ ಹಿತಾಸಕ್ತಿ ಇರುವವರು, ಕಕ್ಷಿದಾರರ ಸಂಬಂಧಿಕರು ಸಾಮಾನ್ಯವಾಗಿ ಸಮಾಲೋಚಕರಾಗುವಂತಿಲ್ಲ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ: ಹೊಡೆದವನು ಹೊಡೆತಕ್ಕೆ ಸಮರ್ಥನೆ ಕೊಡಲು ಸಮಾಲೋಚನೆಯಲ್ಲಿ ಅವಕಾಶವೇ ಇಲ್ಲ, ಈ ಸಂಗತಿಯನ್ನು ಅವನಿಗೆ ಮೊದಲೇ ತಿಳಿಸಬೇಕು. ‘ಅವಳು ಎದುರು ಮಾತಾಡಿದಳು’ ಎಂಬ ವಾದಕ್ಕೆ ಅಲ್ಲಿ ಜಾಗವಿಲ್ಲ. ಸಮಾಲೋಚಕರ ಮನಸ್ಸನ್ನು ತಿದ್ದಲು ಹೋಗದೆ, ಯಾವ ಮಾತು ಮೇಜಿನ ಮೇಲೆ ಬರಬಾರದು ಎಂದಷ್ಟೇ ಹೇಳುವ ಈ ನಿಯಮ ನನಗೆ ತುಂಬ ವಿವೇಕದ್ದಾಗಿ ಕಾಣುತ್ತದೆ. ಕೊರತೆಯೆಂದರೆ ಅದು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ನಡೆಯುವ ಸಮಾಲೋಚನೆಗೆ ಮಾತ್ರ ಅನ್ವಯ. ಠಾಣೆಯ ಬೆಂಚಿಗೆ ಅದರ ಹಂಗಿಲ್ಲ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದ್ದೂ ಇದೇ ಕಥೆ. ಸಮುದಾಯದ ನೈತಿಕ, ಸಾಮಾಜಿಕ ಮೌಲ್ಯಗಳಿಗೋ ಧಾರ್ಮಿಕ ನಂಬಿಕೆಗೋ ಒಬ್ಬರು ಹೊಂದುತ್ತಿಲ್ಲ ಎಂಬ ಕಾರಣಕ್ಕೆ ಅವರನ್ನು ಮನೋರೋಗಿ ಎಂದು ನಿರ್ಧರಿಸಬಾರದು ಎನ್ನುತ್ತದೆ ಅದರ 3ನೇ ಸೆಕ್ಷನ್. ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ ಹುಡುಗಿ, ಹೆಣ್ಣನ್ನು ಪ್ರೀತಿಸುವ ಹೆಣ್ಣು, ಮದುವೆಯೇ ಬೇಡವೆನ್ನುವವರು, ಎಲ್ಲರಿಗೂ ಇದು ರಕ್ಷಣೆ. ಆದರೆ ಕಾಯ್ದೆ ಮಾನಸಿಕ ಆರೋಗ್ಯ ವೃತ್ತಿಪರರು ಎನ್ನುವಾಗ ಮುಖ್ಯವಾಗಿ ಲೆಕ್ಕಕ್ಕೆ ಹಿಡಿಯುವುದು ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಮಾನಸಿಕ ಆರೋಗ್ಯ ನರ್ಸುಗಳನ್ನು. ತಾಲ್ಲೂಕಿನ ಜನ ನಿಜವಾಗಿ ಭೇಟಿಯಾಗುವ ಸಮಾಲೋಚಕರು ಬಹುಪಾಲು ಈ ಪಟ್ಟಿಯ ಹೊರಗೆ. ಸಮಾಲೋಚಕರನ್ನೂ ನೋಂದಣಿಯೊಳಗೆ ತರಲು ಹೊರಟ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದದ್ದು 2021ರಲ್ಲಿ.

ಇಲ್ಲಿ ಒಂದು ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮೌಲ್ಯ ಹೇಳದ ಸಮಾಲೋಚನೆ ಪಶ್ಚಿಮದ ಸರಕು, ನಮ್ಮವರು ಬರುವುದೇ ಹಿರಿಯರೊಬ್ಬರ ದಾರಿತೋರಿಕೆಗೆ ಎಂಬ ವಾದವದು. ಮನೋವೈದ್ಯ ಜೆ. ಎಸ್. ನೇಕಿ 1973ರಲ್ಲೇ ಗುರು–ಶಿಷ್ಯ ಸಂಬಂಧವನ್ನು ಚಿಕಿತ್ಸೆಯ ಮಾದರಿಯಾಗಿ ಮುಂದಿಟ್ಟಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನ ಈ ವಾದಕ್ಕೆ ಬಲ ಕೊಡುವಂತಿದೆ: ತಮಿಳುನಾಡಿನ ಒಂದು ಗುಡಿಯಲ್ಲಿ ತಂಗಿದ್ದ 31 ಮಂದಿಯ ರೋಗಲಕ್ಷಣಗಳ ಅಂಕ ಸುಮಾರು ಶೇ 20ರಷ್ಟು ಇಳಿದಿತ್ತು. ಆದರೆ ಆ ಗುಡಿಯಲ್ಲಿ ವಿಶೇಷ ಚಿಕಿತ್ಸಾ ವಿಧಿಯೇನೂ ಇರಲಿಲ್ಲ. ಬೆದರಿಕೆಯಿಲ್ಲದ, ಆಸರೆಯ ವಾತಾವರಣವೇ ಕೆಲಸ ಮಾಡಿತು ಎಂಬುದು ಸಂಶೋಧಕರ ಅಂದಾಜು. ಅಲ್ಲಿಗೆ ಬಂದವರು ತಮ್ಮದೇ ಭಕ್ತಿಯನ್ನು ಹೊತ್ತು ಬಂದವರು. ರೋಗಿಯ ನಂಬಿಕೆ ರೋಗಿಗೆ ಊರುಗೋಲಾಗುವುದಕ್ಕೂ ಸಮಾಲೋಚಕರ ನಂಬಿಕೆ ರೋಗಿಯ ಹೆಗಲೇರುವುದಕ್ಕೂ ಅಂತರವಿದೆ. ಗುರುವಿನ ಮಾದರಿಯಲ್ಲೂ ಶಿಷ್ಯ ಗುರುವನ್ನು ತಾನೇ ಹುಡುಕಿಕೊಂಡು ಹೋಗುತ್ತಾನೆ. ಠಾಣೆಗೆ ದೂರು ಕೊಡಲು ಹೋದವಳು ಯಾವ ಗುರುವನ್ನೂ ಅರಸಿರಲಿಲ್ಲ.

ನಂಬಿಕೆಯ ಭಾರ ಆಸ್ತಿಕರಿಂದ ಮಾತ್ರ ಬೀಳುತ್ತದೆ ಎಂದುಕೊಳ್ಳುವುದೂ ತಪ್ಪು. ಈ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗಿಡುವ ಸೂತಕದ ಪದ್ಧತಿ ಪೂರ್ತಿ ಅಳಿದಿಲ್ಲ. ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ಕರ್ನಾಟಕದ 2017ರ ಕಾಯ್ದೆ ಇಂಥ ಬಲವಂತದ ಪ್ರತ್ಯೇಕತೆಯನ್ನು ನಿಷೇಧಿಸಿದೆ. ಜೀವಕ್ಕೆ ಅಪಾಯವಿರುವಲ್ಲಿ ಸಮಾಲೋಚಕರು ಸುಮ್ಮನಿರುವಂತೆಯೂ ಇಲ್ಲ. ಆದರೆ ಹಟ್ಟಿಯಿಂದ ಬಂದ ಹುಡುಗಿಯ ಮುಂದೆ ಗೊಲ್ಲರ ದೈವ ಜುಂಜಪ್ಪನನ್ನು ಮೂಢನಂಬಿಕೆ ಎಂದು ಜರಿಯುವ ವಿಚಾರವಾದಿ, ಅವಳನ್ನು ತನ್ನ ವಾದಕ್ಕೆ ಸಾಕ್ಷಿಯಾಗಿ ಬಳಸಿಕೊಳ್ಳುತ್ತಾನೆ. ದೈವ ಮುನಿದರೆ ಮನೆಗೆ ಕೇಡು ಎಂಬ ಅವಳ ಭಯ ನಿಜ, ಚಳಿಯಲ್ಲಿ ಹೊರಗೆ ಮಲಗುವ ಸಂಕಟವೂ ನಿಜ. ಎರಡನ್ನೂ ಹೇಳಿಕೊಳ್ಳಲು ಬಿಡದವರು, ‘ಇದು ನಿಮ್ಮ ಕುಲಾಚಾರ ಬಿಡಮ್ಮ’ ಎಂದು ಕೈ ತೊಳೆದುಕೊಳ್ಳುವ ಭಕ್ತರಿಗಿಂತ ಉತ್ತಮರೇನಲ್ಲ.

ಹಾಗಾದರೆ ಸಮಾಲೋಚಕರಿಗೂ ಅಂತಃಸಾಕ್ಷಿ ಇಲ್ಲವೇ, ಒಪ್ಪದ ಪ್ರಕರಣವನ್ನು ಬೇರೆಯವರಿಗೆ ಕಳಿಸಬಾರದೇ ಎಂದು ಕೇಳಬಹುದು. ಅಮೆರಿಕದಲ್ಲಿ ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯೊಬ್ಬರು ಸಲಿಂಗಪ್ರೇಮಿಯ ಸಮಾಲೋಚನೆಯನ್ನು ಧಾರ್ಮಿಕ ಕಾರಣಕ್ಕೆ ಬೇರೆಯವರಿಗೆ ವಹಿಸಲು ಹೋಗಿ ಉಚ್ಚಾಟನೆಗೊಂಡರು. ವಿಚಾರಣೆ ನಡೆಯಲಿ ಎಂದು 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು, ಕಡೆಗೆ ರಾಜಿಯಾಯಿತು. ಅಲ್ಲಿನ ಸಮಾಲೋಚಕರ ಸಂಘ 2014ರ ನೀತಿಸಂಹಿತೆಯಲ್ಲಿ ಬರಿಯ ಸ್ವಂತ ಮೌಲ್ಯದ ಕಾರಣಕ್ಕೆ ಹೀಗೆ ಸಾಗಹಾಕಬಾರದೆಂದು ಬರೆಯಿತು. ಪಾವಗಡದಲ್ಲಿ ಈ ಚರ್ಚೆಯ ಅರ್ಧ ಭಾಗವನ್ನು ದೂರವೇ ತೀರ್ಮಾನಿಸುತ್ತದೆ. ತುಮಕೂರು ಸುಮಾರು 100 ಕಿ.ಮೀ. ದೂರ, ಮನೆಯಲ್ಲಿ ಏನೋ ನೆಪ ಹೇಳಿ ಒಂದು ಮಧ್ಯಾಹ್ನ ತಪ್ಪಿಸಿಕೊಂಡು ಬಂದ ಹದಿನೇಳರ ಹುಡುಗಿಗೆ ‘ಅಲ್ಲಿ ತೋರಿಸು’ ಎಂದರೆ ಬಾಗಿಲು ಹಾಕಿದಂತೆಯೇ.

ನಂಬಿಕೆಯನ್ನು ಬಾಗಿಲಲ್ಲೇ ಬಿಟ್ಟು ಬನ್ನಿ ಎಂಬ ಸಲಹೆ ಆಗದ ಹೋಗದ ಮಾತು. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ 2021ರಲ್ಲಿ ಇಬ್ಬರು ಯುವತಿಯರ ಪ್ರಕರಣದ ತೀರ್ಪಿಗೆ ಮುಂಚೆ, ಈ ವಿಷಯದಲ್ಲಿ ತಮಗೆ ಪೂರ್ವಗ್ರಹವಿದೆ ಎಂದು ಒಪ್ಪಿಕೊಂಡು ತಾವೇ ಮನಶ್ಶಾಸ್ತ್ರಜ್ಞರ ಮುಂದೆ ಕೂತರು. ಲೈಂಗಿಕ ಒಲವನ್ನು ‘ಬದಲಿಸುವ’ ಚಿಕಿತ್ಸೆಯನ್ನು ನಿಷೇಧಿಸುವ ನಿರ್ದೇಶನ ಅದೇ ಪ್ರಕರಣದಲ್ಲಿ ಬಂತು. ಉಚ್ಚ ನ್ಯಾಯಾಲಯದವರಿಗೆ ಸಾಧ್ಯವಾದದ್ದು ತಾಲ್ಲೂಕಿನವರಿಗೆ ಆಗದೆನ್ನಲು ಕಾರಣವಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ರಾಜ್ಯದಲ್ಲಿದೆ. ಆ ದಿನ ಒಂದು ಗಂಟೆ ಹೊತ್ತು ಆಸ್ಪತ್ರೆ, ಠಾಣೆ, ಸಾಂತ್ವನದ ಸಮಾಲೋಚಕರೆಲ್ಲ ಹೆಸರು ಮರೆಸಿ ತಮ್ಮ ಪ್ರಕರಣಗಳನ್ನು ಅವರ ಮುಂದಿಡಲಿ. ‘ಇಲ್ಲಿ ನಾನು ಯಾಕೆ ತಾಳಿಕೊ ಅಂದೆ’ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಕೊಡಲಿ. ಅಷ್ಟಕ್ಕೆ ಹೊಸ ಕಾಯ್ದೆಯೂ ಬೇಡ, ಹೊಸ ಕಟ್ಟಡವೂ ಬೇಡ.