ಕಛೇರಿಯ ಅಳತೆ, ರಂಗದ ಹಾಡು

ಮೈಲಾಪೂರಿನ ಸಭೆಗಳಲ್ಲಿ ಪಳಗಿದ ರಸಿಕತೆ ಇಡೀ ದಕ್ಷಿಣಕ್ಕೆ ಒಂದು ಅಳತೆಗೋಲು ಕೊಟ್ಟಿತು: ಆಲಾಪನೆಯ ಹರವು, ನೆರವಲ್, ಕಲ್ಪನಾಸ್ವರ. ಈ ಕೋಲಿಗೆ ನಾಟಕದ ಹಾಡು ಎಂದೂ ಎಟುಕುವುದಿಲ್ಲ. ಕನ್ನಡಿಗರಾದ ನಾವೂ ಅದೇ ಕೋಲು ಹಿಡಿದು, ಕಂಪನಿ ನಾಟಕದ ರಂಗಗೀತೆಯನ್ನು ಲಘುವೆಂದು ಬದಿಗೆ ಸರಿಸಿದ್ದೇವೆ. ಇದು ಅನ್ಯಾಯ. ಕೃತಿಯಲ್ಲಿ ಹಾಡುವವನು ತಾನಾಗಿಯೇ ದೇವರ ಮುಂದೆ ನಿಲ್ಲುತ್ತಾನೆ. ರಂಗಗೀತೆಯಲ್ಲಿ ಒಂದು ಪಾತ್ರ ಇನ್ನೊಂದು ಪಾತ್ರವನ್ನು ಒಲಿಸಬೇಕು, ಕೆಣಕಬೇಕು, ಬೇಡಬೇಕು. ಆದ್ದರಿಂದ ಮಾತು ಮೊದಲ ಸಲಕ್ಕೇ ಕಿವಿಗೆ ಬೀಳಬೇಕು, ನಟನ ಉಸಿರಿಗೆ ಎಡೆ ಬೇಕು, ಹಾಡು ಮುಗಿಯುವ ಹೊತ್ತಿಗೆ ಕಥೆ ಒಂದು ಹೆಜ್ಜೆ ಸರಿದಿರಬೇಕು. ಇದು ಬೇರೆಯದೇ ಕಸುಬು.

ಇದಕ್ಕೆ ಸಾಕ್ಷಿ ಮೈಲಾಪೂರಿನಲ್ಲೇ ಇದೆ. ಮಾರ್ಗಳಿಯಲ್ಲಿ ಕಪಾಲೀಶ್ವರನ ಮಾಡಬೀದಿಗಳಲ್ಲಿ ಭಜನೆ ನಡೆಸುತ್ತಿದ್ದ ಪಾಪನಾಶಂ ಶಿವನ್, 1936ರ 'ಭಕ್ತ ಕುಚೇಲ' ಚಿತ್ರದಲ್ಲಿ ತಾವೇ ಕುಚೇಲನಾದರು; ರಂಗಭೂಮಿಯಿಂದ ಬಂದ ತ್ಯಾಗರಾಜ ಭಾಗವತರ ಚಿತ್ರಗಳಿಗೆ ಹಾಡು ಬರೆದರು. ಅವರಿಗೇ 1971ರಲ್ಲಿ ಸಂಗೀತ ಕಲಾನಿಧಿ ಪ್ರಶಸ್ತಿ ಬಂತು. ನಮಗೆ ಇನ್ನೂ ಹತ್ತಿರದ ನಿದರ್ಶನ ಮೈಸೂರು ವಾಸುದೇವಾಚಾರ್ಯರದು. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಶಿಷ್ಯ, ಅರಮನೆಯ ವಿದ್ವಾಂಸ, 1935ರ ಸಂಗೀತ ಕಲಾನಿಧಿ. ಕೃತಿರಚನೆಯಲ್ಲಿ ಅವರು ಗಳಿಸಬೇಕಾದದ್ದು ಏನೂ ಉಳಿದಿರಲಿಲ್ಲ. ಆದರೂ 90ರ ಹೊಸ್ತಿಲಲ್ಲಿ, ಮೈಲಾಪೂರಿಗೆ ದಕ್ಷಿಣದಲ್ಲಿದ್ದ ಕಲಾಕ್ಷೇತ್ರದಲ್ಲಿ, ರುಕ್ಮಿಣಿದೇವಿಯವರ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತ ಕೂಡಿಸಲು ಕುಳಿತರು. 1955ರಲ್ಲಿ 'ಸೀತಾ ಸ್ವಯಂವರಂ' ರಂಗಕ್ಕೆ ಬಂತು. ವಾಲ್ಮೀಕಿಯ ಶ್ಲೋಕಕ್ಕೆ ಪಲ್ಲವಿಯಿಲ್ಲ, ಮರಳಿ ಬಂದು ನಿಲ್ಲುವ ಜಾಗವಿಲ್ಲ. ಅದು ಮುಂದಕ್ಕೇ ಹರಿಯುತ್ತದೆ. ಜೀವಮಾನವಿಡೀ ಪಲ್ಲವಿಯನ್ನು ಆಧರಿಸಿ ಕಟ್ಟಿದ ಕೈ ಇಲ್ಲಿ ದೃಶ್ಯವನ್ನು ಆಧರಿಸಬೇಕಾಯಿತು. ಲಘು ಕೆಲಸಕ್ಕೆ ಯಾರೂ ಆ ವಯಸ್ಸಿನಲ್ಲಿ ಇಷ್ಟು ವಿದ್ವತ್ತನ್ನು ತೆರುವುದಿಲ್ಲ. 1961ರಲ್ಲಿ ಅವರು ತೀರಿಕೊಂಡ ಮೇಲೆ ಉಳಿದ ಭಾಗಗಳನ್ನು ಮೊಮ್ಮಗ ಎಸ್. ರಾಜಾರಾಂ ಪೂರ್ತಿಮಾಡಿದರು.

ಕಂಪನಿಗಳೇ ಈ ಕಸುಬನ್ನು ಕೆಡಿಸಲಿಲ್ಲವೇ ಎಂದು ಕೇಳಬಹುದು. ಕೇಳಲೇಬೇಕು. ಸಾಯುವ ನಾಯಕ 'ಒನ್ಸ್ ಮೋರ್' ಕೂಗಿಗೆ ಎದ್ದು ಮತ್ತೆ ಹಾಡಿದರೆ ನಾಟಕ ಅಲ್ಲಿಗೇ ಸತ್ತಿತು. ಎ.ವಿ. ವರದಾಚಾರ್ಯರಂಥ ಮಹಾನಟರ ಗಾಯನದ ಖ್ಯಾತಿಯೇ, ಅವರ ಶಕ್ತಿಯಿಲ್ಲದ ಅನುಯಾಯಿಗಳಿಗೆ ಉರುಳಾಯಿತು. ಆದರೆ ಗಮನಿಸಿ: ಕಂಪನಿ ಎಡವಿದ್ದು ರಂಗವನ್ನು ಮರೆತು ಕಛೇರಿಯಾದಾಗಲೇ. ದೂರು ರಂಗಗೀತೆಗೆ ತಗಲುವುದಿಲ್ಲ, ಕಛೇರಿಯ ಅನುಕರಣೆಗೆ ತಗಲುತ್ತದೆ. ಗುಬ್ಬಿ ಕಂಪನಿಯಲ್ಲಿ ಬೆಳೆದು, ಕಾಶಿಯಲ್ಲಿ ಓಂಕಾರನಾಥ ಠಾಕೂರರ ಬಳಿ ಕಲಿತ ಬಿ.ವಿ. ಕಾರಂತರಿಗೆ ಇದು ಸ್ಪಷ್ಟವಾಗಿತ್ತು. ಜಡಭರತರ 'ಸತ್ತವರ ನೆರಳು' ನಾಟಕದಲ್ಲಿ ಅವರು ದಾಸರ ಪದಗಳನ್ನೇ ತಂದು ಮಠದ ಅಧಿಕಾರದಾಟದ ನಡುವೆ ನಿಲ್ಲಿಸಿದರು. ಪದ ಹಳೆಯದು, ಭಕ್ತಿಯೂ ಹಳೆಯದು. ಹಾಡುವ ಸನ್ನಿವೇಶ ಮಾತ್ರ ಬೇರೆ. ಅಷ್ಟರಿಂದಲೇ ಅದೇ ಪದ ಚುಚ್ಚತೊಡಗಿತು. ಈ ಪರಿಣಾಮ ಯಾವ ನೆರವಲ್‌ನಿಂದಲೂ ಹುಟ್ಟುವುದಿಲ್ಲ.

ಸನ್ನಿವೇಶದಿಂದ ಕಿತ್ತರೆ ರಂಗಗೀತೆ ಬಡವಾಗುತ್ತದೆ ಎಂಬ ಇನ್ನೊಂದು ಆಕ್ಷೇಪ ನಿಜವೇ. ಕಛೇರಿಯ ಕೊನೆಯಲ್ಲಿ, ತುಕ್ಕಡವೆಂದು, ಸಂದರ್ಭವಿಲ್ಲದೆ ಹಾಡಿದರೆ ಅದು ಸಪ್ಪೆಯೇ. ಹಾಗಾಗಿ ಸಭೆಗಳಲ್ಲಿ ನನ್ನ ಕೋರಿಕೆ ಇಷ್ಟು: ಡಿಸೆಂಬರ್ ಹಂಗಾಮಿನಲ್ಲಿ ಒಂದು ಸಂಜೆ ರಂಗಗೀತೆಗೆ ಕೊಡಿ, ಗಾಯಕರಿಗಲ್ಲ, ನಟರಿಗೆ; ಅವರು ಹಿಂದುಮುಂದಿನ ಮಾತುಗಳೊಂದಿಗೆ, ಎದುರು ಪಾತ್ರವನ್ನು ನಿಲ್ಲಿಸಿಕೊಂಡು ಹಾಡಲಿ.